ನಿಂತ ಚಿತ್ರದ ಮೇಲೊಂದು ಹೆಸರು

ಓಡುವ ಚಿತ್ರವನ್ನು ತಟ್ಟನೆ ನಿಲ್ಲಿಸಿ ಅದರ ಮೇಲೆ ಹೆಸರು ಮೂಡಿಸುವುದನ್ನು ಸಿನಿಮಾಗಳಲ್ಲಿ ತಾವು ಕಂಡಿರುತ್ತೀರಿ. ಹಿಂದೆ ಇದಕ್ಕಾಗಿ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದೇ ಫ್ರೇಮನ್ನು ಮತ್ತೆ ಮತ್ತೆ ಮುದ್ರಿಸಬೇಕಾಗುತ್ತಿತ್ತು. ತ್ರುಫೋ ಅವರ 1959ರ ‘ದ 400 ಬ್ಲೋಸ್’ ಮುಗಿಯುವುದು ಕಡಲ ತಡಿಯಲ್ಲಿ ಹಾಗೆ ನಿಂತುಬಿಟ್ಟ ಬಾಲಕನ ಮುಖದೊಂದಿಗೆ. ಇಂದು ಮನೆಯ ಕಂಪ್ಯೂಟರೇ ಆ ಕೆಲಸ ಮಾಡುತ್ತದೆ.

1994ರಲ್ಲಿ ನಡೆದ ನನ್ನ ತಂಗಿಯ ಮದುವೆಯ ವಿಡಿಯೋದಲ್ಲಿ ಬೀಗರ ಕಡೆಯ ಹಿರಿಯರಿಗೆಲ್ಲ ಹೂಬಳ್ಳಿಯ ನಡುವೆ ಹೆಸರುಗಳಿವೆ. ಅಡುಗೆಮನೆಯಲ್ಲೇ ಉಳಿದಿದ್ದ ನನ್ನ ತಾಯಿಗಿಲ್ಲ. ಆಕೆ ಕಾಣುವುದು ಅಕ್ಷತೆ ಹಾಕುವಾಗ, ಎರಡೇ ಸೆಕೆಂಡು. ಸೆಕೆಂಡಿಗೆ 25ರಂತೆ 50 ಫ್ರೇಮುಗಳು. ಒಂದೊಂದನ್ನೇ ಸರಿಸಿ ನೋಡಿದೆ. ಕೆಲವದರಲ್ಲಿ ಕಣ್ಣು ಮುಚ್ಚಿದೆ. ಕೆಲವದರಲ್ಲಿ ಯಾರದೋ ಹೆಗಲು ಅಡ್ಡ. ಮುಖ ತಿಳಿಯಾಗಿದ್ದ ಒಂದರಲ್ಲಿ, ಎತ್ತಿದ ಕೈ ಬಾಚಣಿಗೆಯ ಹಲ್ಲುಗಳಂತೆ ಸೀಳಿಹೋಗಿತ್ತು. ಆ ಕಾಲದ ವಿಡಿಯೋದಲ್ಲಿ ಪ್ರತಿ ಫ್ರೇಮೂ ಸೆಕೆಂಡಿನ 50ನೆಯ ಒಂದು ಭಾಗದ ಅಂತರದಲ್ಲಿ ಹಿಡಿದ ಎರಡು ಅರ್ಧಚಿತ್ರಗಳ ಹೆಣಿಗೆ. ಓಡುವಾಗ ಕಾಣದ ಬಿರುಕು ನಿಂತಾಗ ಕಾಣುತ್ತದೆ. ಒಂದು ಅರ್ಧವನ್ನು ತೆಗೆದು, ಉಳಿದುದರಿಂದಲೇ ಖಾಲಿ ಗೆರೆಗಳನ್ನು ತುಂಬಿಸಿದೆ. ಚಿತ್ರ ಕೊಂಚ ಮಸುಕಾಯಿತು, ಕೈ ಒಂದಾಯಿತು.

ಅದನ್ನು ನಾಲ್ಕು ಸೆಕೆಂಡು ನಿಲ್ಲಿಸಿದೆ. ಧ್ವನಿಯನ್ನು ಮಾತ್ರ ಹರಿಯಗೊಟ್ಟೆ. ಗಟ್ಟಿಮೇಳದ ಅಬ್ಬರದಲ್ಲಿ ಆ ಹಿನ್ನಡೆ ಯಾರಿಗೂ ತಿಳಿಯದು. ಚಿತ್ರದ ಕೆಳಗೆ, ಮುಖಕ್ಕೆ ತಾಗದಂತೆ, ‘ವಧುವಿನ ತಾಯಿ’ ಎಂದು ಬರೆದೆ. ಆಮೇಲೆ ಅದನ್ನು ಅಳಿಸಿ, ಬಳ್ಳಿಹೂವುಗಳ ಗೊಡವೆಯಿಲ್ಲದೆ, ಬಿಳಿಯ ಅಕ್ಷರಗಳಲ್ಲಿ ಆಕೆಯ ಹೆಸರನ್ನೇ ಇಟ್ಟೆ. ಹೆಸರು ಮರೆಯಾದೊಡನೆ ಚಿತ್ರ ಮತ್ತೆ ಓಡುತ್ತದೆ. ಅಕ್ಷತೆ ಕೈಬಿಟ್ಟು ಹಾರುತ್ತದೆ.