ನಾಯಿಮರಿಯ ಕೆಮ್ಮು, ಲಸಿಕೆಯ ಲೆಕ್ಕ



ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಬೆಂಗಳೂರಿಗೆ ಚಳಿ ಕಾಲಿಟ್ಟಿರುತ್ತದೆ. ಬೀದಿಯಲ್ಲಿ ನಡುಗುವ ಮರಿಯೊಂದನ್ನು ಕಂಡು ಕನಿಕರದಿಂದ ಮನೆಗೆ ಎತ್ತಿಕೊಂಡು ಬರುವವರು ನಿಮ್ಮಲ್ಲೂ ಇರಬಹುದು. ನಾಲ್ಕಾರು ದಿನಗಳಲ್ಲಿ ಅದು ಕೆಮ್ಮತೊಡಗುತ್ತದೆ. "ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಎನ್ನುತ್ತಾರೆ ಮನೆಯವರು. ಮೊಸರನ್ನ ತಿನ್ನುವ ಮರಿಗೆ ಮೂಳೆ ಎಲ್ಲಿಂದ ಬರಬೇಕು? ಅದು ಉಸಿರಾಟದ ಸೋಂಕಾಗಿರಬಹುದು.

ಇಂಥ ಸೋಂಕುಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು, ವೈದ್ಯರು ಕೆನೆಲ್ ಕಾಫ್ ಎನ್ನುವ ಒಣಕೆಮ್ಮು. ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ಮೊದಲಾದ ವೈರಸ್‌ಗಳು ಇದಕ್ಕೆ ಕಾರಣ. ಬಹುಮಟ್ಟಿಗೆ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಎಳೆಯ ಮರಿಗಳಲ್ಲಿ ಮಾತ್ರ ನ್ಯುಮೋನಿಯಾಕ್ಕೆ ತಿರುಗುವ ಭಯವುಂಟು. ಎರಡನೆಯದು ಡಿಸ್ಟೆಂಪರ್. ಇದು ವೈರಸ್ಸಿನಿಂದ ಬರುವ ರೋಗವೆಂದು ಫ್ರಾನ್ಸಿನ ಆನ್ರಿ ಕಾರೆ 1905ರಲ್ಲಿ ತೋರಿಸಿದರು. ಜ್ವರ, ಕಣ್ಣು ಮೂಗುಗಳಿಂದ ಕೀವು, ಕೆಮ್ಮು. ಆಮೇಲೆ ವಾಂತಿ, ಭೇದಿ, ಸೆಳೆತ. ಎಷ್ಟೋ ಮರಿಗಳು ಇದರಿಂದ ಸಾಯುತ್ತವೆ. ರೋಗ ತಗುಲಿದ ಮೇಲೆ ಆರೈಕೆ ಮಾಡಬಹುದೇ ಹೊರತು ವೈರಸ್ಸನ್ನೇ ಕೊಲ್ಲುವ ಖಚಿತವಾದ ಔಷಧವಿಲ್ಲ. ಲಸಿಕೆಯೇ ರಕ್ಷೆ.

ಒಂದು ಚುಚ್ಚುಮದ್ದು ಸಾಲದೆ ಎಂದು ನೀವು ಕೇಳಬಹುದು. ಸಾಲದು. ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗನಿರೋಧಕ ಪ್ರತಿಕಾಯಗಳು ದೊರೆಯುತ್ತವೆ. ಅವು ರೋಗವನ್ನು ತಡೆಯುವಂತೆ ಲಸಿಕೆಯನ್ನೂ ತಡೆಯುತ್ತವೆ. ಅವು ಕರಗುವ ಕಾಲ ಎಲ್ಲ ಮರಿಗಳಿಗೂ ಒಂದೇ ಅಲ್ಲ. ಆದ್ದರಿಂದಲೇ 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 3-4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೂ ಲಸಿಕೆ ಹಾಕಿಸಬೇಕು. ಅನಂತರದ ಲಸಿಕೆಗಳ ಕಾಲವನ್ನು ವೈದ್ಯರು ತಿಳಿಸುತ್ತಾರೆ. ಕೆನೆಲ್ ಕಾಫ್‌ಗೂ ಲಸಿಕೆಯುಂಟು; ಅದರಲ್ಲಿ ಮೂಗಿಗೆ ಬಿಡುವ ಹನಿಯೂ ಒಂದು ಬಗೆ.

ವಠಾರದ ಒಂದು ಮನೆಯಲ್ಲಿ ಮಗುವಿಗೆ ನೆಗಡಿಯಾದರೆ ಉಳಿದ ಮನೆಗಳಿಗೂ ಹರಡುತ್ತದಲ್ಲವೆ? ನಾಯಿಗಳಲ್ಲೂ ಹಾಗೆಯೇ. ಮನೆಯಲ್ಲಿ ಆಗಲೇ ನಾಯಿಯಿದ್ದರೆ ಹೊಸ ಮರಿಯನ್ನು ಎರಡು ವಾರ ಬೇರೆಯೇ ಇಡಿ. ತಟ್ಟೆ, ಹಾಸಿಗೆ ಬೇರೆಯಿರಲಿ. ಮರಿಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಮಲಗುವ ಜಾಗ ಬೆಚ್ಚಗೆ, ಒಣಗಿ, ಗಾಳಿಯಾಡುವಂತಿರಲಿ. ಸೊಳ್ಳೆಬತ್ತಿಯ ಹೊಗೆ ಬೇಡ. ಕೆಮ್ಮುವ ನಾಯಿಯ ಕುತ್ತಿಗೆಗೆ ಪಟ್ಟಿ ಬಿಗಿಯದೆ ಎದೆಗೆ ಸುತ್ತುವ ಪಟ್ಟಿ ಹಾಕಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಖಂಡಿತ ಕೊಡಬೇಡಿ. ಅವು ನಾಯಿಗೆ ವಿಷವಾಗಬಲ್ಲವು. ಮರಿ ಊಟ ಬಿಟ್ಟರೆ, ಏದುಸಿರು ಬಿಟ್ಟರೆ ಆ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ನಗರದಲ್ಲೇ ಇದೆ.

ಮರಿಯನ್ನು ಮನೆಗೆ ತರುವುದು ಒಂದು ಕ್ಷಣದ ಕನಿಕರ; ಲಸಿಕೆಯ ಲೆಕ್ಕ ತಪ್ಪದಿರುವುದು ಹಲವು ವಾರಗಳ ಕೆಲಸ. ಅದನ್ನು ತಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖುಗಳನ್ನು ಗುರುತು ಮಾಡಿಡಿ.