ಎಂಟು ಮಿಲಿಮೀಟರ್ ಅಂಚು: ವಿಮಾನದ ರಿವೆಟ್ ಲೆಕ್ಕ

ಪೀಣ್ಯ ಕಡೆ ಮೆಟ್ರೋದಲ್ಲಿ ಕೂತು ಕೇಳ್ತಿದ್ರೆ, ಇವತ್ತಿನ ವಿಷಯ ನಿಮ್ಮ ಅಕ್ಕಪಕ್ಕದ್ದೇ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್, ಬೆಂಗಳೂರಲ್ಲಿ ಶುರುವಾದಾಗಿಂದ ವಿಮಾನದ ತಗಡಿಗೆ ರಿವೆಟ್ ಹೊಡೆಯೋ ಕೆಲಸ ಈ ಊರಲ್ಲಿದೆ. ಈಗ ಪೀಣ್ಯದಲ್ಲೂ ವಿಮಾನದ ಬಿಡಿಭಾಗ ತಯಾರಾಗುತ್ತೆ.

ನಾನು ಓದಿದ್ದು ಬಿಕಾಂ, ಹಾಗಾಗಿ ಫೈಲಿನ ಉದಾಹರಣೆನೇ ಕೊಡ್ತೀನಿ. ಹಾಳೆಗೆ ಪಂಚ್ ಮಾಡುವಾಗ ತೂತು ಅಂಚಿಗೆ ತೀರಾ ಹತ್ತಿರ ಬಿದ್ರೆ, ನಾಲ್ಕು ಸಲ ಮಗುಚಿದ್ರೆ ಹರಿಯುತ್ತೆ. ಅಲ್ಯೂಮಿನಿಯಂ ತಗಡೂ ಹಾಗೇ. ಅದಕ್ಕೇ ‘ಎಡ್ಜ್ ಡಿಸ್ಟೆನ್ಸ್’ ನಿಯಮ. ತೂತಿನ ಮಧ್ಯದಿಂದ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡರಷ್ಟು ಜಾಗ ಬೇಕು. ತಲೆ ತಗಡಿನ ಸಮಕ್ಕೆ ಕೂರೋ ಕೌಂಟರ್‌ಸಂಕ್ ರಿವೆಟ್ ಆದ್ರೆ ಎರಡೂವರೆಯಷ್ಟು. ತುಂಬಾ ದೂರ ಹೋದ್ರೆ ತಗಡಿನ ತುದಿ ಮೇಲೇಳುತ್ತೆ, ಹಾಗಾಗಿ ನಾಲ್ಕರಷ್ಟು ಅನ್ನೋದು ಮಿತಿ.

ಈಗ ಲೆಕ್ಕ. 4 ಮಿ.ಮೀ. ರಿವೆಟ್‌ಗೆ 8 ಮಿ.ಮೀ. ಸಾಕು. ಡ್ರಿಲ್ ಅಲುಗಾಡಿ ತೂತು ದೊಡ್ಡದಾಯ್ತು ಅನ್ಕೊಳ್ಳಿ, ಮುಂದಿನ ಸೈಜ್ 4.8 ಹಾಕ್ತಾರೆ. ಅದಕ್ಕೆ ಬೇಕಾದ್ದು 9.6. ಇರೋ ಜಾಗ ಅದೇ 8! ರಿವೆಟ್ ಗಟ್ಟಿಯಾಗಿ ಕೂತಿರುತ್ತೆ, ಅಂಚು ಮಾತ್ರ ಸಾಲಲ್ಲ.

ಇಂಥದ್ದು ಎಲ್ಲಿಗೆ ಮುಟ್ಟಬಹುದು? 1978ರಲ್ಲಿ ಜಪಾನ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿತು. ಕ್ಯಾಬಿನ್ ಗಾಳಿಯ ಒತ್ತಡ ತಡೆಯೋ ಹಿಂಬದಿ ಗೋಡೆಯ ಕೆಳಗಿನ ಅರ್ಧವನ್ನ ಬೋಯಿಂಗ್‌ನವರು ಬದಲಾಯಿಸಿದ್ರು. ಜೋಡಿಸುವಾಗ ಕೆಲವು ತೂತುಗಳಿಗೆ ಅಂಚು ಸಾಲದು ಅಂತ ಗೊತ್ತಾಯ್ತು. ಸೂಚಿಸಿದ ಪರಿಹಾರ ಸರಿಯಾಗೇ ಇತ್ತು: ನಡುವೆ ಒಂದು ಅಖಂಡ ಪಟ್ಟಿ ಇಡಿ. ಆದರೆ ಹಾಕಿದ್ದು ಎರಡು ತುಂಡು ಪಟ್ಟಿ. ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ವಿಮಾನ 12 ಸಾವಿರಕ್ಕೂ ಹೆಚ್ಚು ಸಲ ಹಾರಿತು, ಒಳಗೆ ಬಿರುಕು ಬೆಳೀತಾ ಹೋಯ್ತು. 1985ರ ಆಗಸ್ಟ್ 12ರಂದು ಗೋಡೆ ಒಡೆಯಿತು. 524 ಜನರಲ್ಲಿ ಉಳಿದದ್ದು ನಾಲ್ಕೇ ಜನ.

ಗಮನಿಸಿ, ಅಂಚು ಕಮ್ಮಿಯಿದೆ ಅಂತ ಅವತ್ತು ಯಾರೂ ಮುಚ್ಚಿಡಲಿಲ್ಲ. ತಪ್ಪಿದ್ದು ಆಮೇಲೆ, ಕಾಗದದಲ್ಲಿದ್ದ ಪರಿಹಾರ ತಗಡಿನ ಮೇಲೆ ಬರುವಾಗ. ಹಾಗಾಗಿ ಶಾಪ್ ಫ್ಲೋರ್‌ನಲ್ಲಿರೋ ಗೆಳೆಯರೇ, ದೊಡ್ಡ ರಿವೆಟ್ ಹಾಕೋ ಮೊದಲು ಅಂಚು ಅಳೆಯಿರಿ. ಕಮ್ಮಿ ಬಂದ್ರೆ ಇನ್‌ಸ್ಪೆಕ್ಟರ್‌ಗೆ ತೋರಿಸಿ, ಬರೆಸಿ. ರಿಪೇರಿ ಡ್ರಾಯಿಂಗ್ ಬಂದ ಮೇಲೆ, ಅದರಲ್ಲಿದ್ದ ಹಾಗೇ ಆಗಿದೆಯಾ ಅಂತ ಸೀಲೆಂಟ್ ಬಳಿಯೋ ಮುಂಚೆ ಇನ್ನೊಮ್ಮೆ ನೋಡಿ. ಪೀಸ್ ರಿಜೆಕ್ಟ್ ಆದ್ರೆ ಬೈಗುಳ ಒಂದು ಶಿಫ್ಟಿಗೆ ಮುಗಿಯುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.