ಒಂದೇ ಪೊಲೀಸ್, ಇಬ್ಬರು ಯಜಮಾನರು

ನ್ಯಾಯಪೀಠದಲ್ಲಿ ಕುಳಿತವರು ಎದ್ದುಬಂದು ಮಂತ್ರಿಗಳಾಗುವುದು ಸರಿಯೇ ಎಂಬ ಚರ್ಚೆ ಸ್ಪೇನ್ ದೇಶದಲ್ಲಿ ಮೂವತ್ತು ವರ್ಷಗಳಿಂದ ನಡೆದಿದೆ. ಮಂತ್ರಿಯಾದವರು ಮರಳಿ ಪೀಠಕ್ಕೆ ಬಂದರೆ ನಿಷ್ಪಕ್ಷಪಾತದಿಂದ ತೀರ್ಪು ಕೊಟ್ಟಾರೇ ಎಂಬ ಆತಂಕವೇ ಆ ಚರ್ಚೆಯಲ್ಲಿ ಹೆಚ್ಚು ಕೇಳಿಬರುತ್ತದೆ. ಆತಂಕ ಸಹಜವೇ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಮರೆಯಲ್ಲೇ ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ನ್ಯಾಯಾಧೀಶರಾಗಿದ್ದವರು ಮಂತ್ರಿಯಾಗಿರುವಷ್ಟು ಕಾಲ ನ್ಯಾಯಾಲಯದ ಸ್ವಾತಂತ್ರ್ಯವನ್ನು ಗೌರವಿಸುತ್ತಾರೆಯೇ? ಹಿಂದಿನ ವೃತ್ತಿಯ ಸಂಸ್ಕಾರ ಅವರನ್ನು ತಾನಾಗಿ ಹಿಡಿದು ನಿಲ್ಲಿಸುತ್ತದೆಯೇ? ಸ್ಪೇನಿನ ಗೃಹಮಂತ್ರಿ ಫೆರ್ನಾಂಡೊ ಗ್ರಾಂದೆ-ಮಾರ್ಲಾಸ್ಕಾ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಬಹುದು.

ಮೊದಲು ಅಲ್ಲಿಯ ಪದ್ಧತಿಯ ಬಗ್ಗೆ ನಾಲ್ಕು ಮಾತು. ಸ್ಪೇನಿನಲ್ಲಿ ವಕೀಲಿಕೆಯಲ್ಲಿ ಹೆಸರು ಮಾಡಿ ಆಮೇಲೆ ನ್ಯಾಯಾಧೀಶರಾಗುವುದು ಸಾಮಾನ್ಯ ದಾರಿಯಲ್ಲ. ಕಾನೂನು ಪದವಿ ಮುಗಿಸಿದವರು ಕಠಿಣವಾದ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಚಿಕ್ಕ ವಯಸ್ಸಿನಲ್ಲೇ ಪೀಠ ಏರುತ್ತಾರೆ. ಅವರಲ್ಲಿ ತನಿಖಾ ನ್ಯಾಯಾಧೀಶರೆಂಬ ಒಂದು ವರ್ಗವಿದೆ. ಅಪರಾಧ ನಡೆದಾಗ ತನಿಖೆಯ ದಿಕ್ಕು ನಿರ್ಧರಿಸುವವರು, ಶೋಧಕ್ಕೆ, ಫೋನ್ ಕದ್ದಾಲಿಕೆಗೆ ಆದೇಶ ಕೊಡುವವರು ಅವರೇ. ಸಂಬಳ, ಬಡ್ತಿ, ವರ್ಗಾವಣೆಗಳಿಗೆ ಪೊಲೀಸರು ಗೃಹಮಂತ್ರಿಯ ಕೈಕೆಳಗಿದ್ದರೂ, ಅಪರಾಧ ತನಿಖೆಯ ಕೆಲಸದಲ್ಲಿ ನ್ಯಾಯಾಧೀಶರ ಅಧೀನ. 1978ರ ಸಂವಿಧಾನದ 126ನೆಯ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮುಂದಿನ 127ನೆಯ ವಿಧಿಯ ಪ್ರಕಾರ, ಸೇವೆಯಲ್ಲಿರುವ ನ್ಯಾಯಾಧೀಶರು ಬೇರೆ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ, ಪಕ್ಷದ ಸದಸ್ಯರಾಗುವಂತಿಲ್ಲ. ಒಂದೇ ಪೊಲೀಸ್ ಪಡೆಗೆ ಇಬ್ಬರು ಯಜಮಾನರು ಎಂಬುದನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ಪೀಠದಿಂದ ಸರ್ಕಾರಕ್ಕೆ ಹೋಗುವ ದಾರಿ 1993ರಲ್ಲಿ ಎಲ್ಲರ ಗಮನ ಸೆಳೆಯಿತು. ಆ ವರ್ಷದ ಚುನಾವಣೆಯಲ್ಲಿ ಪ್ರಸಿದ್ಧ ತನಿಖಾ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಮ್ಯಾಡ್ರಿಡ್‌ನಿಂದ ಸಮಾಜವಾದಿ ಪಕ್ಷದ ಪಟ್ಟಿಯಲ್ಲಿ ನಿಂತು ಗೆದ್ದರು. ಮರುವರ್ಷವೇ ಬೇಸತ್ತು ರಾಜೀನಾಮೆ ಕೊಟ್ಟು ಪೀಠಕ್ಕೆ ಮರಳಿದರು; ಮರಳಿದವರು ಗಾಲ್ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡರು. 1980ರ ದಶಕದಲ್ಲಿ ಬಾಸ್ಕ್ ಉಗ್ರಗಾಮಿಗಳನ್ನು ಕಾನೂನಿನ ಹೊರಗೆ ಕೊಂದ ಗುಪ್ತ ತಂಡದ ಹೆಸರೇ ಗಾಲ್. 1998ರಲ್ಲಿ ಮಾಜಿ ಗೃಹಮಂತ್ರಿ ಹೊಸೆ ಬಾರಿಯೊನ್ಯೂವೊ ಅವರಿಗೆ ಸುಪ್ರೀಂ ಕೋರ್ಟ್ ಗಾಲ್ ನಡೆಸಿದ ಅಪಹರಣವೊಂದರ ಪ್ರಕರಣದಲ್ಲಿ ಶಿಕ್ಷೆ ವಿಧಿಸಿತು. ತಾವು ಬಿಟ್ಟುಬಂದ ಸರ್ಕಾರದ ಮೇಲೆ ಗಾರ್ಸೋನ್ ಸೇಡು ತೀರಿಸಿಕೊಂಡರೆಂಬ ದೂರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. ಸುಪ್ರೀಂ ಕೋರ್ಟಿನ ಬೇರೊಬ್ಬ ನ್ಯಾಯಾಧೀಶರು ತನಿಖೆಯನ್ನು ಮತ್ತೆ ನಡೆಸಿದ್ದರಿಂದ ಲೋಪ ಸರಿಹೋಗಿದೆ ಎಂದು ಆ ನ್ಯಾಯಾಲಯ 2010ರಲ್ಲಿ ತೀರ್ಮಾನಿಸಿತು.

ಅದೇ ಕಾಲದಲ್ಲಿ ಮತ್ತೊಬ್ಬ ನ್ಯಾಯಾಧೀಶ ಹುವಾನ್ ಆಲ್ಬೆರ್ತೊ ಬೆಲ್ಲೋಕ್ 1993ರಲ್ಲಿ ಕಾನೂನು ಮಂತ್ರಿಯಾದರು, 1994ರಲ್ಲಿ ಗೃಹ ಖಾತೆಯನ್ನೂ ಪಡೆದರು. 1995ರ ಹೊಸ ದಂಡಸಂಹಿತೆ, ಜ್ಯೂರಿ ಕಾಯ್ದೆ ಎರಡೂ ಅವರ ಕಾಲದವು. ಬಾರ್ಸಿಲೋನಾದ ಪ್ರಾಂತೀಯ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದ ಮಾರ್ಗರೀತಾ ರೋಬ್ಲೆಸ್, ಬೆಲ್ಲೋಕ್ ಅವರ ಕೈಕೆಳಗೆ ಗೃಹ ಇಲಾಖೆಯ ರಾಜ್ಯ ಕಾರ್ಯದರ್ಶಿಯಾದರು. ಗೃಹ ಇಲಾಖೆಗೆ ಇಷ್ಟು ನ್ಯಾಯಾಂಗದವರು ಬಂದದ್ದರಿಂದ ಗಾಲ್ ತನಿಖೆಗೆ ಅನುಕೂಲವಾಯಿತೆಂದು ನಂಬುವವರಿದ್ದಾರೆ. ಆದರೂ ಇನ್ನೊಂದು ಸಂಗತಿಯನ್ನು ಮರೆಯಬಾರದು. ಗ್ವಾರ್ದಿಯಾ ಸಿವಿಲ್ ಎಂಬ ಪೊಲೀಸ್ ಪಡೆಯ ಎನ್ರಿಕೆ ರೊದ್ರಿಗೆಸ್ ಗಲಿಂದೊ ಜನರಲ್ ಪದವಿಗೆ ಏರಿದ್ದು ಬೆಲ್ಲೋಕ್ ಮಂತ್ರಿಯಾಗಿದ್ದಾಗಲೇ, 1995ರಲ್ಲಿ. ಐದು ವರ್ಷಗಳ ನಂತರ ಗಾಲ್ ಕೊಲೆಗಳಲ್ಲಿ ಅವರಿಗೆ ಜೈಲು ಶಿಕ್ಷೆಯಾಯಿತು. ನ್ಯಾಯಾಧೀಶರಾಗಿದ್ದ ಅನುಭವ ಮಂತ್ರಿಯ ಎಲ್ಲ ನಿರ್ಧಾರಗಳನ್ನೂ ಕಾಯಲಿಲ್ಲ.

ಈಗ ಮಾರ್ಲಾಸ್ಕಾ ಅವರಿಗೆ ಬರೋಣ. 1962ರಲ್ಲಿ ಬಿಲ್ಬಾವೊ ನಗರದಲ್ಲಿ ಹುಟ್ಟಿದ ಅವರು 1980ರ ದಶಕದ ಕೊನೆಯಲ್ಲಿ ನ್ಯಾಯಾಂಗಕ್ಕೆ ಸೇರಿದರು. 2004ರಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ನ್ಯಾಯಾಲಯಕ್ಕೆ ಬಂದರು. ಭಯೋತ್ಪಾದನೆ, ದೊಡ್ಡ ಪ್ರಮಾಣದ ಮಾದಕವಸ್ತು ಸಾಗಾಣಿಕೆಯಂಥ ಮೊಕದ್ದಮೆಗಳು ಅಲ್ಲಿ ನಡೆಯುತ್ತವೆ. ಬಾಸ್ಕ್ ಉಗ್ರಗಾಮಿಗಳ ಎಟಾ ಸಂಘಟನೆ ಜೀವಂತವಾಗಿದ್ದ ದಿನಗಳಲ್ಲಿ, ತಾವೂ ಅದರ ಗುರಿಯಾಗಿದ್ದುಕೊಂಡು, ಅದರ ವಿರುದ್ಧದ ತನಿಖೆಗಳನ್ನು ನಡೆಸಿದರು. 2006ರ ಮೇ 4ರಂದು ಫ್ರಾನ್ಸ್ ಗಡಿಯ ಇರುನ್ ಪಟ್ಟಣದಲ್ಲಿ ಏನಾಯಿತೆಂದು ನೋಡಿ. ಎಟಾ ಉದ್ಯಮಿಗಳಿಂದ ಹಣ ವಸೂಲಿ ಮಾಡುತ್ತಿದ್ದ ಜಾಲವನ್ನು ಹಿಡಿಯಲು ಮಾರ್ಲಾಸ್ಕಾ ಬಲೆ ಬೀಸಿದ್ದರು. ಅಷ್ಟರಲ್ಲಿ ಪೊಲೀಸನೊಬ್ಬ ಫೈಸಾನ್ ಎಂಬ ಬಾರಿನ ಒಳಗೆ ಹೋಗಿ ಮಾಲೀಕನ ಕೈಗೆ ಫೋನ್ ಕೊಟ್ಟ. ಆಚೆ ಕಡೆಯ ದನಿ ಬಂಧನದ ಸಿದ್ಧತೆಯನ್ನು ತಿಳಿಸಿಬಿಟ್ಟಿತು. ಆಗ ಸರ್ಕಾರ ಎಟಾ ಜೊತೆ ಮಾತುಕತೆಯ ಹಾದಿಯಲ್ಲಿತ್ತು. ಕಾರ್ಯಾಚರಣೆ ಅಂದು ಕೆಟ್ಟಿತು. ಗುಟ್ಟು ಬಯಲು ಮಾಡಿದ ಇಬ್ಬರು ಪೊಲೀಸರಿಗೆ 2013ರಲ್ಲಿ ಶಿಕ್ಷೆಯಾಯಿತು. ನ್ಯಾಯಾಧೀಶರ ತನಿಖೆಯ ಗುಟ್ಟು ಅವರ ಕೈಮೀರಿ ಹೊರಬಿದ್ದರೆ ಏನಾಗುತ್ತದೆಂದು ಮಾರ್ಲಾಸ್ಕಾ ಅವರಿಗಿಂತ ಚೆನ್ನಾಗಿ ಬಲ್ಲವರು ಸ್ಪೇನಿನಲ್ಲಿ ಹೆಚ್ಚು ಮಂದಿ ಇರಲಾರರು.

2013ರಲ್ಲಿ ಬಲಪಂಥೀಯ ಪೀಪಲ್ಸ್ ಪಾರ್ಟಿಯ ಸೂಚನೆಯಂತೆ ನ್ಯಾಯಾಂಗ ಮಂಡಳಿಯ ಸದಸ್ಯರಾದ ಅವರು, 2018ರ ಜೂನ್‌ನಲ್ಲಿ ಸಮಾಜವಾದಿ ಪೆದ್ರೊ ಸಾಂಚೆಸ್ ಸರ್ಕಾರದ ಗೃಹಮಂತ್ರಿಯಾದರು. ಅದೇ ಸಂಪುಟದಲ್ಲಿ ಮಾರ್ಗರೀತಾ ರೋಬ್ಲೆಸ್ ರಕ್ಷಣಾ ಮಂತ್ರಿ. ಎರಡೂ ಪಕ್ಷಗಳು ಒಪ್ಪಿದ ನ್ಯಾಯಾಧೀಶ ಎಂಬ ಹೆಗ್ಗಳಿಕೆ ಮಾರ್ಲಾಸ್ಕಾ ಅವರಿಗಿತ್ತು. ಎರಡು ವರ್ಷ ಕಳೆಯುವುದರೊಳಗೆ ಪರೀಕ್ಷೆಯ ದಿನ ಬಂತು. ಕೊರೊನಾ ಹರಡುತ್ತಿದ್ದಾಗಲೂ 2020ರ ಮಾರ್ಚ್ 8ರ ಮಹಿಳಾ ದಿನದ ಮೆರವಣಿಗೆಗಳಿಗೆ ಸರ್ಕಾರದ ಪ್ರತಿನಿಧಿ ಅವಕಾಶ ಕೊಟ್ಟಿದ್ದು ಅಪರಾಧವೇ ಎಂದು ಮ್ಯಾಡ್ರಿಡ್‌ನ ನ್ಯಾಯಾಧೀಶೆಯೊಬ್ಬರು ತನಿಖೆ ನಡೆಸುತ್ತಿದ್ದರು. ವರದಿ ತಮಗೆ ಮಾತ್ರ ಕೊಡಬೇಕೆಂದು ಗ್ವಾರ್ದಿಯಾ ಸಿವಿಲ್‌ಗೆ ಆದೇಶಿಸಿದ್ದರು. ಮ್ಯಾಡ್ರಿಡ್ ಘಟಕದ ಮುಖ್ಯಸ್ಥ ಕರ್ನಲ್ ಪೆರೆಸ್ ದೆ ಲೋಸ್ ಕೋಬೊಸ್ ಅವರನ್ನು ಮೇ ತಿಂಗಳಲ್ಲಿ ಮಾರ್ಲಾಸ್ಕಾ ಅವರ ಇಲಾಖೆ ಹುದ್ದೆಯಿಂದ ತೆಗೆಯಿತು. ತನಿಖೆಯ ಬೆಳವಣಿಗೆಗಳನ್ನು ಮೇಲಿನವರಿಗೆ ತಿಳಿಸಲಿಲ್ಲವೆಂಬ ಕಾರಣ ಪ್ರಸ್ತಾವದ ಪತ್ರದಲ್ಲೇ ದಾಖಲಾಗಿತ್ತು. ಮೆರವಣಿಗೆಯ ಮೊಕದ್ದಮೆ ಜೂನ್‌ನಲ್ಲೇ ಮುಕ್ತಾಯವಾಯಿತು. ಕರ್ನಲ್ ಅವರ ಮೊಕದ್ದಮೆ ಮಾತ್ರ ಮೂರು ವರ್ಷ ನಡೆಯಿತು: ಮೊದಲ ಹಂತದಲ್ಲಿ ಗೆಲುವು, ಮೇಲ್ಮನವಿಯಲ್ಲಿ ಸೋಲು, ಕೊನೆಗೆ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಜಾ ಕಾನೂನುಬಾಹಿರವೆಂದು ಹೇಳಿ ಹುದ್ದೆಯನ್ನು ಮರಳಿ ಕೊಡಿಸಿತು.

ಇರುನ್‌ನಲ್ಲಿ ಪೊಲೀಸರು ಆರೋಪಿಗಳಿಗೇ ಸುಳಿವು ಕೊಟ್ಟರು. ಮ್ಯಾಡ್ರಿಡ್‌ನಲ್ಲಿ ಕೇಳಿದ್ದು ಮೇಲಧಿಕಾರಿಗಳಿಗೆ ಮಾಹಿತಿಯನ್ನಷ್ಟೇ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಎರಡರ ತೂಕ ಬೇರೆ. ಆದರೆ ನಿಯಮ ಒಂದೇ: ತನಿಖೆಯ ವಿವರ ನ್ಯಾಯಾಧೀಶರ ಸ್ವತ್ತು. ಅದರಲ್ಲೂ ತನಿಖೆ ಸರ್ಕಾರದ ಪ್ರತಿನಿಧಿಯನ್ನೇ ಕುರಿತದ್ದಾದಾಗ ವಿವರ ಸರ್ಕಾರಕ್ಕೆ ತಲುಪಬಾರದೆಂಬುದು ಇನ್ನೂ ಮುಖ್ಯ. ಕರ್ನಲ್ ಅವರದು ವಿಶ್ವಾಸದ ಹುದ್ದೆ, ವಿಶ್ವಾಸ ಹೋದರೆ ತೆಗೆಯಬಹುದು ಎಂಬುದು ಮಂತ್ರಿಯ ವಾದ. ವಿಶ್ವಾಸ ಹೋದದ್ದು ಕಾನೂನು ಪಾಲಿಸಿದ್ದಕ್ಕಾದರೆ ಆ ವಾದ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ ನಿಂತದ್ದೂ ಇದೇ ಕಡೆ.

ಹಾಗಾದರೆ ನ್ಯಾಯಾಧೀಶರು ರಾಜಕೀಯಕ್ಕೆ ಹೋಗುವುದನ್ನೇ ನಿಷೇಧಿಸಬೇಕೇ? ಬೇಡ. ಅವರೂ ಪ್ರಜೆಗಳು, ಅವರ ಅನುಭವದಿಂದ 1995ರ ದಂಡಸಂಹಿತೆಯಂಥ ಒಳ್ಳೆಯ ಕೆಲಸಗಳೂ ಆಗಿವೆ. ಗಾರ್ಸೋನ್ ಪ್ರಕರಣದ ಬಳಿಕ ಸಂಸತ್ತು ಮರಳುವ ದಾರಿಗೆ ಕಾಯುವ ಅವಧಿಯನ್ನು ತಂದಿತು, ಮುಂದೆ ಅದನ್ನು ಕೈಬಿಟ್ಟಿತು, 2024ರಲ್ಲಿ ಎರಡೂ ದೊಡ್ಡ ಪಕ್ಷಗಳು ಒಪ್ಪಿ ಎರಡು ವರ್ಷದ ಅಂತರವನ್ನು ಮತ್ತೆ ಹಾಕಿದವು. ಅದು ಬೇಕಾದದ್ದೇ. ಆದರೆ ಅದು ಕಾಯುವುದು ಮರಳಿ ಬರುವವರ ಪೀಠವನ್ನು. ಮಂತ್ರಿಯ ಕುರ್ಚಿಯಲ್ಲಿ ಕುಳಿತಿರುವಾಗ ನಡೆಯುವುದನ್ನಲ್ಲ. ನ್ಯಾಯಾಧೀಶರ ಕೈಕೆಳಗೆ ತನಿಖೆ ಮಾಡುವ ಪೊಲೀಸರ ನೇಮಕ, ಬಡ್ತಿ, ವಜಾಗಳು ಇಂದಿಗೂ ಗೃಹ ಇಲಾಖೆಯ ಕೈಯಲ್ಲೇ ಇವೆ. ಅಂಥ ಅಧಿಕಾರಿಯನ್ನು ತನಿಖೆಯ ನಡುವೆ ತೆಗೆಯಬೇಕಾದರೆ ಆ ತನಿಖೆಯ ನ್ಯಾಯಾಧೀಶರ ಒಪ್ಪಿಗೆ ಬೇಕೆಂಬ ನಿಯಮ ಘಟಕದ ಮುಖ್ಯಸ್ಥರವರೆಗೂ ಅನ್ವಯಿಸಬೇಕು. ಕರ್ನಲ್‌ಗೆ ನ್ಯಾಯ ಸಿಗಲು ಮೂರು ವರ್ಷ ಹಿಡಿಯಿತು. ಅಂಥ ನಿಯಮವಿದ್ದಿದ್ದರೆ ವಜಾದ ಆದೇಶಕ್ಕೆ ಸಹಿ ಬೀಳುವ ಮೊದಲೇ ನ್ಯಾಯಾಧೀಶೆಯನ್ನು ಕೇಳಬೇಕಾಗುತ್ತಿತ್ತು.